ಅಕ್ಕನ ಅಳತೆ ಬ್ಲೌಸು

ನಮ್ಮ ಮನೆಯ ಫೋಟೋ ಆಲ್ಬಮ್ಮಿನಲ್ಲಿ ನನ್ನ ಓರಗಿತ್ತಿ ಪೂರ್ತಿಯಾಗಿ ಎಲ್ಲೂ ಸಿಗುವುದಿಲ್ಲ. ಒಂದರಲ್ಲಿ ಕುರ್ಚಿಯ ಹಿಂದೆ ನಿಂತಿದ್ದಾರೆ, ಇನ್ನೊಂದರಲ್ಲಿ ಯಾರದೋ ಮಗುವನ್ನು ಎದೆಗವಚಿಕೊಂಡಿದ್ದಾರೆ, ಗೃಹಪ್ರವೇಶದ ಫೋಟೋದಲ್ಲಿ ಬಾಳೆಕಂದಿನ ಪಕ್ಕ ಅರ್ಧ ಮುಖ, ಒಂದು ಕೈ. ಬನಶಂಕರಿಯ ಈ ಮನೆಯಲ್ಲಿ ಅವರು ಕೆಳಗೆ, ನಾವು ಮೇಲೆ. ತಾರಸಿಯಲ್ಲಿ ಬಟ್ಟೆ ಒಣಹಾಕುವ ತಂತಿ ಮಾತ್ರ ಇಬ್ಬರಿಗೂ ಒಂದೇ. ಮದುವೆಯಾಗಿ ಬಂದ ಇಪ್ಪತ್ತೆರಡು ವರ್ಷದಿಂದ ನಾನು ಅವರನ್ನು ಅಕ್ಕ ಅಂತಲೇ ಕರೆಯುವುದು.

ಅಕ್ಕ ಕುಳ್ಳಗೆ, ಗುಂಡಗೆ ಇದ್ದಾರೆ. ಬೇರೆಯವರು ಹೇಳುವ ಮೊದಲೇ ಅವರೇ ಅದನ್ನು ಹೇಳಿಬಿಡುತ್ತಾರೆ. ಯಾವ ಮೈಕಟ್ಟಿಗೆ ಯಾವ ಬಟ್ಟೆ ಅನ್ನುವುದಕ್ಕೆ ಅವರ ಹತ್ತಿರ ಒಂದು ಶಾಸ್ತ್ರವೇ ಇದೆ. ದಪ್ಪ ಇದ್ದವರಿಗೆ ಗಾಢ ಬಣ್ಣ, ಸಣ್ಣ ಬಾರ್ಡರು. ಉದ್ದ ಇದ್ದವರಿಗೆ ಗಂಜಿ ಹಾಕಿದ ಕಾಟನ್, ಅಗಲ ಬಾರ್ಡರು. "ನಿನಗೇನಮ್ಮ, ನುಗ್ಗೆಕಾಯಿ ಥರ ಇದೀಯ. ಕಿಟಕಿ ಕರ್ಟನ್ ಸುತ್ತಿಕೊಂಡ್ರೂ ಒಪ್ಪುತ್ತೆ" ಎಂದು ಹೊಸದರಲ್ಲಿ ನನಗೆ ಅಂದಿದ್ದರು. ಆ ಸರ್ಟಿಫಿಕೇಟನ್ನು ನಾನು ಜೋಪಾನವಾಗಿ ಇಟ್ಟುಕೊಂಡೆ. ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮ್ಮನ್ನು ಮಂಡಿಯೂರಿಸಿ, ಸ್ಕರ್ಟಿನ ಅಂಚು ನೆಲಕ್ಕೆ ತಾಗುತ್ತದೆಯೇ ಎಂದು ಬಗ್ಗಿ ನೋಡುತ್ತಿದ್ದರು. ಅಳತೆ ಎಂದರೆ ಬೇರೆಯವರು ಒಮ್ಮೆ ನೋಡಿ ಹೇಳಿದ್ದು ಎಂಬ ನಂಬಿಕೆ ನನಗೆ ಅಲ್ಲಿಂದಲೇ ಬಂದಿರಬೇಕು.

ಅಕ್ಕನ ಮಗಳ ನಿಶ್ಚಿತಾರ್ಥಕ್ಕೆ ದಿನ ಗೊತ್ತಾಯಿತು. ಮೂವರೂ ಜಯನಗರದ ಅಂಗಡಿಗೆ ಹೋದೆವು. ಹುಡುಗಿ ತನ್ನ ಸೀರೆ ಆರಿಸಿದ ಮೇಲೆ ಅಮ್ಮನಿಗೆಂದು ಸಾಸಿವೆ ಬಣ್ಣದ ರೇಷ್ಮೆ ಎತ್ತಿಕೊಂಡಳು. ಗೇಣಗಲದ ನೇರಳೆ ಬಾರ್ಡರು.

"ಇದನ್ನುಟ್ರೆ ಶಾಮಿಯಾನ ಥರ ಕಾಣ್ತೀನಿ ಕಣೇ."

"ನಿಮ್ಮ ಕಲರ್‌ಗೆ ಸೂಪರ್ ಆಗಿದೆ ಮೇಡಂ" ಎಂದ ಅಂಗಡಿಯವನು.

"ಕಲರ್ ಸರಿನಪ್ಪ, ನನ್ನ ಅಗಲಕ್ಕೆ?"

ಅವನು ಪಾಪ ಇನ್ನೊಂದು ಸೀರೆ ಮಡಿಸತೊಡಗಿದ. ಆಗ ಹುಡುಗಿ ಮೆಲ್ಲಗೆ ಅಂದಳು: "ಅಮ್ಮ, ನಿಂದು ಒಂದು ಫೋಟೋನೂ ಪೂರ್ತಿ ಇಲ್ಲ. ಆ ಮನೆಗೆ ಹೋಗುವಾಗ ನಾನೇನು ಕುರ್ಚಿ ಫೋಟೋ ತಗೊಂಡು ಹೋಗ್ಲಾ?"

ಸೀರೆ ಪ್ಯಾಕ್ ಆಯಿತು. ಆಟೋದಲ್ಲಿ ಕೂತ ಮೇಲೆ ಮಾತ್ರ ಅಕ್ಕ, "ಉಡ್ತೀನಿ ಅಂತ ನಾನು ಹೇಳಿಲ್ಲ. ಬ್ಲೌಸ್ ಸರಿಯಾಗಿ ಕೂತ್ರೆ ನೋಡೋಣ" ಎಂದರು.

ನಮ್ಮ ಮನೆಯ ಹೆಂಗಸರು ಟೈಲರಿನ ಟೇಪಿಗೆ ಮೈಯೊಡ್ಡುವುದಿಲ್ಲ. ಸರಿಯಾಗಿ ಕೂರುವ ಒಂದು ಬ್ಲೌಸನ್ನು ಅಳತೆಗೆ ಕಳಿಸುತ್ತೇವೆ. ಆದರೆ ಈಗ ಕೂರುವುದನ್ನಲ್ಲ, ಯಾವುದೋ ಕಾಲದಲ್ಲಿ ಕೂರುತ್ತಿದ್ದುದನ್ನು. ಅಕ್ಕ ಕೊಟ್ಟಿದ್ದು ಮಗಳು ಪ್ರೈಮರಿ ಸ್ಕೂಲಿಗೆ ಹೋಗುತ್ತಿದ್ದಾಗಿನ ಹಸಿರು ಬ್ಲೌಸು. "ಇದೇ ಅಳತೆ. ಒಂಚೂರು ಲೂಸ್ ಬಿಡೋಕೆ ಹೇಳು, ಅಷ್ಟೇ."

ಅದನ್ನು ಕೊಟ್ಟರೆ ಸಾಸಿವೆ ಸೀರೆ ಬೀರುವಿನಲ್ಲೇ ಉಳಿಯುತ್ತದೆ ಎಂದು ನನಗೆ ಗೊತ್ತಿತ್ತು. ತಾರಸಿಗೆ ಹೋದೆ. ಅಕ್ಕ ಹಿಂದಿನ ದಿನ ತೊಟ್ಟಿದ್ದ ಕಾಫಿ ಬಣ್ಣದ ಬ್ಲೌಸು ತಂತಿಯ ಮೇಲಿತ್ತು. ಕ್ಲಿಪ್ಪು ತೆಗೆದು, ಮಡಿಸಿ, ಬ್ಯಾಗಿಗೆ ಹಾಕಿಕೊಂಡೆ.

ತಿಲಕ್ ನಗರದ ಟೈಲರು ವಯಸ್ಸಾದವರು, ಎಲ್ಲರೂ ಮಾಸ್ಟರ್ ಅನ್ನುತ್ತೇವೆ. ಎರಡನ್ನೂ ಮೇಜಿನ ಮೇಲೆ ಹರಡಿ ನೋಡಿದರು.

"ಎರಡೂ ಒಬ್ಬರದ್ದೇನಾ ಮೇಡಂ?"

"ಹೌದು ಮಾಸ್ಟರ್. ಕಾಫಿ ಬಣ್ಣದ್ದು ನೋಡಿ ಹೊಲೀರಿ. ವಾಪಸ್ ಕೊಡುವಾಗ ಹಸಿರು ಬಣ್ಣದ್ದನ್ನ ಮೇಲಿಡಿ."

ಮಾಸ್ಟರ್ ಮೀಸೆಯಲ್ಲೇ ನಕ್ಕರು. "ಬಾರ್ಡರಿಂದ ಯಾರೂ ದಪ್ಪ ಕಾಣಲ್ಲ ಮೇಡಂ, ಬಿಗಿ ತೋಳಿಂದ ಕಾಣ್ತಾರೆ. ತೋಳು ಮೊಣಕೈವರೆಗೆ ತರ್ತೀನಿ, ಕುತ್ತಿಗೆ ಸ್ವಲ್ಪ ಇಳಿಸ್ತೀನಿ. ನಿಮ್ಮದು?"

ನನ್ನ ಹೊಸ ಬ್ಲೌಸ್ ಪೀಸಿನ ಜೊತೆ, ಅಳತೆಗೆಂದು ನಾನು ಹೆಮ್ಮೆಯಿಂದ ನನ್ನ ಮದುವೆಯ ಬ್ಲೌಸು ಕೊಟ್ಟೆ. "ನಂದೇನೂ ಬದಲಾಗಿಲ್ಲ ಮಾಸ್ಟರ್."

ಅವರು ಕನ್ನಡಕದ ಮೇಲಿಂದ ಒಮ್ಮೆ ನನ್ನನ್ನು, ಒಮ್ಮೆ ಬ್ಲೌಸನ್ನು ನೋಡಿದರು. "ಒಳಗೆ ಬಟ್ಟೆ ಬಿಟ್ಟಿರ್ತೀನಿ" ಅಂದರು, ಅಷ್ಟೇ.

ಬ್ಲೌಸು ಬಂದ ದಿನ ಅಕ್ಕ ತೊಟ್ಟು ಕನ್ನಡಿಯ ಮುಂದೆ ನಿಂತರು. ಅಟ್ಟದ ಮೇಲಿನ ಡಬ್ಬ ಇಳಿಸುವವರ ಹಾಗೆ ಎರಡೂ ಕೈ ಎತ್ತಿದರು. ಎಲ್ಲೂ ಹಿಡಿಯಲಿಲ್ಲ. "ನೋಡಿದ್ಯಾ? ಅಳತೆ ಇನ್ನೂ ಅದೇ ಇದೆ!"

"ಹೌದಕ್ಕ" ಎಂದೆ, ಗೋಡೆ ಕಡೆ ತಿರುಗಿ.

"ನಿಂದೂ ಹಾಕಿ ನೋಡೇ."

"ನನಗೇನಕ್ಕ, ನುಗ್ಗೆಕಾಯಿ."

ನಿಶ್ಚಿತಾರ್ಥದ ಬೆಳಿಗ್ಗೆ ನುಗ್ಗೆಕಾಯಿಗೆ ಮೂರನೇ ಹುಕ್ಕು ಸೇರಲಿಲ್ಲ. ಮಾಸ್ಟರ್ ಬಿಟ್ಟಿದ್ದ ಬಟ್ಟೆ ನೆನಪಾಗಿ, ಪುಟ್ಟ ಕತ್ತರಿಯಿಂದ ಎರಡೂ ಪಕ್ಕದ ಒಳಗಿನ ಒಂದೊಂದು ಸಾಲು ಹೊಲಿಗೆ ಬಿಚ್ಚಿದೆ. ಹುಕ್ಕುಗಳು ಸೇರಿದವು, ಉಸಿರು ಸೇರಲಿಲ್ಲ. ತೋಳುಗಳೋ, ಬಿಪಿ ನೋಡುವ ಪಟ್ಟಿಯ ಹಾಗೆ ಹಿಡಿದುಕೊಂಡಿದ್ದವು. ಎರಡೂ ಭುಜ ಮುಚ್ಚುವಂತೆ ಸೆರಗು ಹೊದ್ದು ಹೊರಟೆ.

ಛತ್ರದಲ್ಲಿ ತಟ್ಟೆ ಬದಲಾಯಿಸಿ ಆದ ಮೇಲೆ ಫೋಟೋಗೆ ಕರೆದರು. ಅಕ್ಕ ಸಾಸಿವೆ ಸೀರೆಯಲ್ಲಿ ಮುಂದಿನ ಸೋಫಾದ ಮಧ್ಯೆ ಕೂತರು. ಆ ಬಣ್ಣದ ಹೊಳಪು ಮುಖಕ್ಕೆ ಹತ್ತಿತ್ತು. ಮಗಳು ಅವರ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ನಾನು ಯಾರದೋ ಮಗುವನ್ನು ಎತ್ತಿಕೊಂಡು ಸೋಫಾದ ಹಿಂದೆ ಸೇರಿದೆ.

"ಹಿಂದಿರೋ ಆಂಟಿ, ಮುಂದೆ ಬನ್ನಿ" ಎಂದ ಫೋಟೋದವನು.

"ಪರವಾಗಿಲ್ಲ, ಇಲ್ಲೇ ಸರಿಯಾಗಿದೆ."

ಅಕ್ಕ ತಿರುಗಿ ನೋಡಿದರು. ಮಗು, ಹೊದ್ದ ಸೆರಗು, ಇಣುಕುತ್ತಿದ್ದ ತೋಳು, ಎಲ್ಲವನ್ನೂ ನೋಡಿದರು.

"ಅದು ನನ್ನ ಜಾಗ ಕಣೇ, ನೀನ್ಯಾಕೆ ನಿಂತಿದೀಯ?"

"ಅಕ್ಕ, ಬ್ಲೌಸು..."

"ಗೊತ್ತಾಯ್ತು ಬಿಡು. ಮುಂದಿನ ಸಲ ತಂತಿ ಮೇಲಿಂದ ನಂದು ಕದಿಯೋವಾಗ ನಿಂದೂ ಒಂದು ತಗೊಂಡು ಹೋಗು."

ಹಾಗೆಂದು ಪಕ್ಕಕ್ಕೆ ಸರಿದು ಜಾಗ ಮಾಡಿದರು. ಮಗುವನ್ನು ಅದರ ತಾಯಿಗೆ ಕೊಟ್ಟು ಹೋಗಿ ಕೂತೆ. ಆ ಫೋಟೋದಲ್ಲಿ ಅಕ್ಕ ಪೂರ್ತಿ ಇದ್ದಾರೆ, ಬಾರ್ಡರಿನ ಸಮೇತ. ಪಕ್ಕದಲ್ಲಿ ನಾನು ಉಸಿರು ಬಿಗಿಹಿಡಿದು ಕೂತಿದ್ದೇನೆ.