ಪ್ರಾಸದಣ್ಣನ ಎರಡನೆಯ ಸಾಲು

ಬಸ್ಸಿನವರೆಲ್ಲ ಆ ಕಂಡಕ್ಟರನನ್ನು ಪ್ರಾಸದಣ್ಣ ಎಂದೇ ಕರೆಯುತ್ತಿದ್ದರು. ಟಿಕೆಟ್ ಹರಿಯುತ್ತಲೇ ಪದ್ಯ ಕಟ್ಟುವನು: “ಒಳಗೆ ಬನ್ನಿ, ಜಾಗ ಉಂಟು, ಬಾಗಿಲಲ್ಲೇ ಯಾಕೆ ಗಂಟು?” ಬೈಯಬೇಕೆಂದಿದ್ದವರೂ ನಕ್ಕು ಒಳಗೆ ಸರಿಯುತ್ತಿದ್ದರು.

ಹೆಂಡತಿ ತೀರಿಕೊಂಡ ಮೇಲೆ ಅವನ ಬಾಯಿ ಕಟ್ಟಿತು. ಕೆಲಸಕ್ಕೆ ಮರಳಿದ, ಆದರೆ ಸೀಟಿ ಊದುವುದು, ಚಿಲ್ಲರೆ ಕೊಡುವುದು, ಅಷ್ಟೇ. ಎದೆಯ ಮೇಲೆ ಚಪ್ಪಡಿ ಹೇರಿದಂತಿದ್ದರೂ ಕಣ್ಣಲ್ಲಿ ಒಂದು ಹನಿಯೂ ಬರಲಿಲ್ಲ.

ದಿನಾ ಅದೇ ಬಸ್ಸಿಗೆ ಬರುತ್ತಿದ್ದ ಟೈಲರ್ ಹೆಂಗಸು ಒಂದು ದಿನ ಹೇಳಿದಳು: “ಅಣ್ಣಾ, ನಮ್ಮಮ್ಮ ಇನ್ನು ಹೆಚ್ಚು ದಿನ ಇರಲ್ಲ ಅಂದಿದ್ದಾರೆ ಡಾಕ್ಟ್ರು. ನಿಮ್ಮ ಪದ್ಯಗಳನ್ನ ದಿನಾ ಮನೇಲಿ ಹೇಳ್ತಿದ್ದೆ, ನಿಮ್ಮನ್ನ ಒಮ್ಮೆ ನೋಡ್ಬೇಕಂತೆ.”

“ನನ್ನ ಹತ್ರ ಈಗ ಏನೂ ಇಲ್ಲಮ್ಮ.”

“ಸುಮ್ನೆ ಕೂತಿದ್ರೂ ಸಾಕು.”

ಹೋದ. ಹೊಲಿಗೆ ಯಂತ್ರಕ್ಕೆ ತಾಗಿದ್ದ ಮಂಚದಲ್ಲಿ ಅಜ್ಜಿ ಒರಗಿದ್ದಳು. “ಎಲ್ರೂ ಏನೂ ಆಗಲ್ಲ, ಏನೂ ಆಗಲ್ಲ ಅಂತಾರೆ,” ಎಂದಳು. “ನಂಗೋ ಹೆದರಿಕೆ ಕಣಪ್ಪ. ಸಾವಿಗೊಂದು ಪದ್ಯ ಕಟ್ಟು, ನೋಡೋಣ.”

ಅವನು ತಡವರಿಸಿದ. ಹಳೆಯ ಅಭ್ಯಾಸಕ್ಕೆ ನಾಲಿಗೆ ತಾನೇ ಹೊರಳಿತು: “ಸಾವೇ, ಬಾಗಿಲು ತಟ್ಟಿ ಬಾ...”

“ಚಪ್ಪಲಿ ಆಚೆ ಬಿಟ್ಟು ಬಾ!” ಎಂದು ಅಜ್ಜಿಯೇ ಮುಗಿಸಿ, ಕೆಮ್ಮು ಬರುವಷ್ಟು ನಕ್ಕಳು. ಮಗಳು ಗಾಬರಿಯಾಗಿ ಅಡುಗೆಮನೆಯಿಂದ ಓಡಿಬಂದಳು.

“ನಿನ್ನ ಹೆಂಡ್ತಿಗೆ ಏನು ಕಟ್ಟಿದೆ?” ಅಜ್ಜಿ ಕೇಳಿದಳು.

ಅವನು ಶುರುಮಾಡಿದ: “ಎದ್ದು ಹೋದಳು ನನ್ನಾಕೆ...”

ಅಜ್ಜಿ ಅವನ ಕೈ ಹಿಡಿದು ಮೆಲ್ಲಗೆ ಅಂದಳು: “ಕದ್ದು ಅಳುವುದು ಇನ್ಯಾಕೆ?”

ಪ್ರಾಸದಣ್ಣ ಮಗುವಿನಂತೆ ಬಿಕ್ಕಿಬಿಕ್ಕಿ ಅತ್ತ. ಯಾರೂ ಸಮಾಧಾನ ಹೇಳಲಿಲ್ಲ.

ಅಲ್ಲಿಂದ ಮುಂದೆ ಡ್ಯೂಟಿ ಮುಗಿದದ್ದೇ ಆ ಮನೆಗೆ ಹೋಗುತ್ತಿದ್ದ. ಇವನದೊಂದು ಸಾಲು, ಅಜ್ಜಿಯದೊಂದು. ಮಾತು ಕ್ಷೀಣವಾದಾಗ ಅವಳು ಬೆರಳಲ್ಲೇ ತಾಳ ಹಾಕುತ್ತಿದ್ದಳು. ಒಂದು ಬೆಳಗ್ಗೆ ಮಗಳ ತೊಡೆಯ ಮೇಲೆ ತಲೆಯಿಟ್ಟು, ಹೆದರದೆ ಹೋದಳು.

ಕೆಲವು ವಾರ ಕಳೆದು ಟೈಲರ್ ಅವನ ಮನೆಗೆ ಬಂದಳು. ಅಮ್ಮ ಹೋದಾಗಿನಿಂದ ಊಟ ಬಿಟ್ಟು ಅರ್ಧವಾಗಿದ್ದಳು. “ಅಣ್ಣಾ, ಅಮ್ಮನ ಮೇಲೆ ಒಂದು ಸಾಲು ಬಂದಿದೆ. ಎರಡನೇದು ಸಿಕ್ತಿಲ್ಲ.”

“ಹೇಳು, ಹುಡುಕೋಣ.”

ಇಬ್ಬರೂ ಮೆಟ್ಟಿಲ ಮೇಲೆ ಕೂತು ಹುಡುಕಿದರು. ಒಂದು ಪದ ಉದ್ದವಾಯಿತು, ಇನ್ನೊಂದು ಗಿಡ್ಡವಾಯಿತು, ಮತ್ತೊಂದಕ್ಕೆ ಇಬ್ಬರಿಗೂ ನಗು ಬಂತು. ಬಿಸಿಲು ನೆತ್ತಿಗೇರಿದರೂ ಸಾಲು ಸಿಗಲಿಲ್ಲ.

“ಅಣ್ಣಾ, ಮೊದ್ಲು ಏನಾದ್ರೂ ತಿನ್ನೋಣ,” ಎಂದಳು ಅವಳು. “ಹೊಟ್ಟೆ ಚುರುಗುಟ್ತಿದೆ.”