ಹಚ್ಚಿದ ತಾಟು

ಸವದತ್ತಿಯ ದುಂಡಪ್ಪ ಇಪ್ಪತ್ತಾರು ವರ್ಷ ಬೈಲಹೊಂಗಲ ದಾರಿಯ ನೂಲಿನ ಗಿರಣಿಗೆ ಬಸ್ಸಿನಲ್ಲಿ ಹೋಗಿ ಬಂದವನು. ಹತ್ತಿ ಹೇರಿದ ಲಾರಿ ಕಾಟಾದ ಮೇಲೆ ನಿಂತರೆ ತೂಕ ನೋಡಿ ಬರೆಯುವುದು ಅವನ ಕೆಲಸ. ಸ್ವಂತ ಭಾವನ ಲಾರಿ ಬಂದಾಗಲೂ ಒಂದು ಕಿಲೋ ಹೆಚ್ಚು ಬರೆಯದ ಮಾರಾಯ. ಆ ಭಾವ ಇವತ್ತಿಗೂ ಮಾತು ಬಿಟ್ಟಿದ್ದಾನೆ. ಅಂಥವನ ತಲೆಗೇ ಸುಳ್ಳು ತೂಕದ ಆರೋಪ ಕಟ್ಟಿ ಗಿರಣಿಯವರು ಮನೆಗೆ ಕಳಿಸಿದರು. ಕಾಟಾ ಕೆಟ್ಟಿದೆ ಎಂದು ಅವನೇ ಮೂರು ಸಲ ಬರೆದುಕೊಟ್ಟ ಅರ್ಜಿಗಳು ಯಾರ ಕಪಾಟಿನಲ್ಲಿ ಧೂಳು ತಿಂದವೋ ದೇವರೇ ಬಲ್ಲ.

ಗಿರಣಿಯವರೂ ಕಾರ್ಮಿಕ ಸಂಘದವರೂ ಒಪ್ಪಿ, ವ್ಯಾಜ್ಯವನ್ನು ಮಧ್ಯಸ್ಥರೊಬ್ಬರ ಮುಂದೆ ಇಟ್ಟರು. ರಾಮದುರ್ಗದ ತ್ರ್ಯಂಬಕರಾಯರು, ಕಾರ್ಮಿಕ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು, ನೇರ ಮನುಷ್ಯ. ಕಾಟಾ ನೋಡಲು ಬಂದ ದಿನ ಗಿರಣಿಯವರು ಊಟಕ್ಕೆ ಕರೆದರೆ ಒಲ್ಲೆನೆಂದು ಬಸ್ಸು ಹತ್ತಿದರು. ತಪಾಸಣೆಗೆ ಹಾಜರಾಗಿದ್ದ ದುಂಡಪ್ಪನೂ ಅದೇ ಬಸ್ಸಿನಲ್ಲಿದ್ದ. ಸವದತ್ತಿಗೆ ಬಂದಾಗ ರಾಮದುರ್ಗದ ಬಸ್ಸು ಹೋಗಿಬಿಟ್ಟಿತ್ತು, ಮುಂದಿನದಕ್ಕೆ ಒಂದೂವರೆ ತಾಸು. ಸಕ್ಕರೆ ಕಾಯಿಲೆಯ ರಾಯರಿಗೆ ಊಟದ ಹೊತ್ತು ಮೀರಿ ಕೈ ನಡುಗತೊಡಗಿತು. "ಮನಿ ಇಲ್ಲೇ ಐತ್ರಿ. ಬರೇ ನೀರ ಕುಡದ ಹೋಗೂವಂತ್ರಿ, ಬರ್ರಿ" ಎಂದು ದುಂಡಪ್ಪ ಕರೆದೊಯ್ದ.

ಅವನ ಹೆಂಡತಿ ಸಿದ್ದಲಿಂಗವ್ವನ ಮುಂದೆ ಯಾರ ಆಟ ನಡೆಯುತ್ತದೆ? ಬಂದವರು ಯಾರು ಎಂದು ಕೇಳುವ ಮೊದಲೇ ತಾಟು ಹಚ್ಚಿ ಊಟಕ್ಕೆ ಬಡಿಸುವ ಹೆಂಗಸು. ರಾಯರು ಬೇಡ ಬೇಡ ಎನ್ನುವಷ್ಟರಲ್ಲಿ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಮೊಸರು ಎದುರಿಗಿದ್ದವು. "ಹಚ್ಚಿದ ತಾಟ ಬಿಟ್ಟ ಏಳಬಾರದ್ರಿ ಯಪ್ಪಾ, ಮನಿಗೆ ಒಳ್ಳೇದಲ್ಲ" ಎಂದಳು. ರಾಯರು ಕುಳಿತು ಉಂಡರು.

ಎರಡು ತಿಂಗಳಿಗೆ ತೀರ್ಪು ಬಂತು. ದುಂಡಪ್ಪನದು ತಪ್ಪಿಲ್ಲ, ಮರಳಿ ಕೆಲಸಕ್ಕೆ ತೆಗೆದುಕೊಳ್ಳಬೇಕು. ಅವನಿಗೆ ಹಿಗ್ಗೋ ಹಿಗ್ಗು. ಗಿರಣಿಯ ಗೇಟಿನೆದುರಿನ ಚಹಾದಂಗಡಿಯಲ್ಲಿ, "ಎಂಥಾ ದೊಡ್ಡ ಮನಶ್ಯಾ ಅಂತೀರಿ, ನಮ್ಮ ಮನ್ಯಾಗ ಕುಂತ ರೊಟ್ಟಿ ಉಂಡ ಹ್ವಾದ್ರು!" ಎಂದು ಎಲ್ಲರಿಗೂ ಹೇಳಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಮಾತು ಗೇಟು ದಾಟಿ ಒಳಗೆ ಮುಟ್ಟಿತು. ಮಧ್ಯಸ್ಥರು ಪಕ್ಷಪಾತಿ, ತೀರ್ಪು ರದ್ದು ಮಾಡಿ ಎಂದು ಗಿರಣಿಯವರು ಹೈಕೋರ್ಟಿಗೆ ಹೋದರು.

ನಾಲ್ಕು ವರ್ಷ ದುಂಡಪ್ಪ ಧಾರವಾಡಕ್ಕೆ ಎಡತಾಕಿದ. ಅವನ ವಕೀಲ ಗೌರೀಶ ಬಿಡಿಸಿ ಹೇಳಿದ: "ಕಾಕಾ, ಇಲ್ಲಿ ಕಾಟಾದ ಮಾತ ಬರಾಂಗಿಲ್ರಿ. ಮಧ್ಯಸ್ಥರು ಎರಡೂ ಕಡಿಯವರನ್ನ ಸರಿಸಮ ಕಂಡಾರೋ ಇಲ್ಲೋ, ಅಷ್ಟ ನೋಡತಾರ. ರಾಯರು ಉಂಡೇ ಇಲ್ಲ ಅಂತ ಪ್ರಮಾಣಪತ್ರಕ್ಕ ಸಹಿ ಹಾಕ್ರಿ. ಗಿರಣಿಯವರ ಕಡೆ ಬರೇ ಚಾದಂಗಡಿ ಸುದ್ದಿ ಐತಿ, ಸಾಕ್ಷಿ ಇಲ್ಲ."

ದುಂಡಪ್ಪ ಪೆನ್ನು ಹಿಡಿದ. ಸುಳ್ಳು ಬರೆದವನೆಂದು ಅವನನ್ನು ಹೊರಗೆ ಹಾಕಿದ್ದರು; ಈಗ ಸುಳ್ಳು ಬರೆದೇ ಒಳಗೆ ಹೋಗಬೇಕೇ?

"ಉಂಡದ್ದ ಖರೇ ಐತಿ. ಇಲ್ಲಂತ ಹೆಂಗ ಬರೀಲೋ ತಮ್ಮಾ?" ಎಂದು ಪೆನ್ನು ಕೆಳಗಿಟ್ಟ.

ಊಟದ ಮಾತನ್ನು ಯಾರೂ ಅಲ್ಲಗಳೆಯದೆ, ಹೋದ ತಿಂಗಳು ಆದೇಶವಾಯಿತು. ಒಬ್ಬರ ಊಟ ಒಲ್ಲೆನೆಂದವರು ಇನ್ನೊಬ್ಬರ ಮನೆಯಲ್ಲಿ ಉಂಡದ್ದು ಪಕ್ಷಪಾತದ ಶಂಕೆಗೆ ಎಡೆ ಕೊಡುತ್ತದೆ, ತೀರ್ಪು ರದ್ದು, ಹೊಸ ಮಧ್ಯಸ್ಥರ ಮುಂದೆ ಮೊದಲಿನಿಂದ ವಿಚಾರಣೆ ನಡೆಯಲಿ. ಕೋರ್ಟು ಹೇಳಿದ್ದು ತಪ್ಪೆನ್ನಲೂ ಬಾಯಿಲ್ಲ, ಹೊಟ್ಟೆ ಉರಿಯುವುದೇ ಅದಕ್ಕೆ. ದುಂಡಪ್ಪನ ನಿವೃತ್ತಿಗೆ ಉಳಿದದ್ದು ಏಳು ತಿಂಗಳು. ಅಷ್ಟರಲ್ಲಿ ಯಾವ ವಿಚಾರಣೆಯೂ ಮುಗಿಯುವುದಿಲ್ಲ. ಕಳ್ಳ ಎಂಬ ಹೆಸರು ಹೊತ್ತೇ ಅವನು ಮುದುಕನಾಗಬೇಕು.

ಮೊನ್ನೆ ಮಟಮಟ ಮಧ್ಯಾಹ್ನ ತ್ರ್ಯಂಬಕರಾಯರು ಕೋಲೂರಿಕೊಂಡು ಬಂದರು. ಬೆವೆತಿದ್ದರು, ಕೈ ನಡುಗುತ್ತಿತ್ತು. ಹೊಸ್ತಿಲಾಚೆಯೇ ನಿಂತು, "ದುಂಡಪ್ಪನವರ, ನನ್ನಿಂದ ನಿಮಗ ಅನ್ಯಾಯ ಆತು" ಎಂದರು.

"ನಿಮ್ಮದೇನ ತಪ್ಪಿಲ್ರಿ" ಎಂದ ದುಂಡಪ್ಪ ಹೆಂಡತಿಯ ಕಡೆ ನೋಡಿದ. ಒಲೆಯ ಮೇಲೆ ರೊಟ್ಟಿ ಬೇಯುತ್ತಿತ್ತು. ಸಿದ್ದಲಿಂಗವ್ವ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಗೋಡೆಗೆ ಒರಗಿದ್ದಳು. ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಮೊದಲ ಸಲ ಅವಳು ಬಾಗಿಲಿಗೆ ಬಂದವರನ್ನು ಕುಂತ್ರಿ ಎನ್ನಲಿಲ್ಲ, ನೀರಿನ ತಂಬಿಗೆ ಮುಟ್ಟಲಿಲ್ಲ.

"ನನ್ನ ಕೈಗುಣ ಛಲೋ ಇಲ್ರಿ ಯಪ್ಪಾ. ಬಸ್ಸಿನ ಹೊತ್ತಾತು, ಹೋಗ್ರಿ" ಎಂದಳು.

ರಾಯರು ಬರಿ ಹೊಟ್ಟೆಯಲ್ಲಿ ಬಿಸಿಲಿಗಿಳಿದರು. ದುಂಡಪ್ಪ ಅವರನ್ನು ತಡೆಯಲಿಲ್ಲ.