ಹತ್ತಿ ಮುಟ್ಟದ ಹುಳ

ಆಗೆಲ್ಲ ತಿರ್ಲಾಪುರದ ನಮ್ಮ ಮನೆಯಲ್ಲಿ ಹುಳ ಎಂದರೆ ಸಾಕು, ಅಪ್ಪನ ಮುಖ ಗಂಟಿಕ್ಕುತ್ತಿತ್ತು. ಹತ್ತಿ ಕಾಯಿ ಕಟ್ಟುವ ಹೊತ್ತಿನಲ್ಲಿ ಬೆನ್ನಿಗೆ ಪಂಪು ಹೊತ್ತು ಹೊಲಕ್ಕೆಲ್ಲ ಹುಳ ಸಾಯುವ ಎಣ್ಣೆ ಹೊಡೆದು ಬರುತ್ತಿದ್ದ. ಆ ಔಷಧದ ಘಾಟು ಅವನ ಅಂಗಿಯಿಂದ ನಮ್ಮ ರೊಟ್ಟಿಯ ಬುಟ್ಟಿಯವರೆಗೂ ಹರಡಿರುತ್ತಿತ್ತು. ಅಂಥ ಮನೆಯಲ್ಲಿ ಹುಳ ಸಾಕಲು ಹೊರಟವಳು ನಾನು.

ನನಗೆ ಬೇಕಾಗಿದ್ದದ್ದು ಪಾತರಗಿತ್ತಿ. ಮೊದಲ ವರ್ಷ ಅಂಗಳದ ತುಂಬ ಚೆಂಡು ಹೂ ಹಚ್ಚಿದೆ. ಪಾತರಗಿತ್ತಿಗಳೇನೋ ಬಂದವು, ಚಹಾ ಕುಡಿದು ಎದ್ದು ಹೋಗುವ ಬೀಗರಂತೆ ಹೊರಟೂ ಹೋದವು. ನನಗೆ ಸಿಟ್ಟು ಬಂತು. ಒಂದರ ಬೆನ್ನು ಹತ್ತಿ ಹೊಲದ ಬದುವಿನವರೆಗೆ ಓಡಿದೆ. ಅದು ಎಕ್ಕೆ ಗಿಡದ ಎಲೆಯ ಕೆಳಗೆ ಬಾಲ ಮಡಚಿ ಬಿಳಿಯ ತತ್ತಿಯೊಂದನ್ನು ಅಂಟಿಸಿತು. ತನಗೆ ಹೂವು, ಮಕ್ಕಳಿಗೆ ಎಲೆ ಎಂಬುದು ಆಗ ತಿಳಿಯಿತು. ಮರುವರ್ಷ ಮೊದಲ ಮಳೆಗೆ ಬದುವಿನಿಂದ ಎಕ್ಕೆಯ ಸಸಿಯೊಂದನ್ನು ಕಿತ್ತು ತಂದು ಚೆಂಡು ಹೂವಿನ ಪಕ್ಕ ನೆಟ್ಟೆ.

"ಅದರ ಹಾಲ ಕಣ್ಣಾಗ ಬಿದ್ದೀತು. ಮಂದಿ ಮನಿ ಮುಂದ ಮಲ್ಲಿಗಿ ಹಚ್ತಾರ, ನೀ ಎಕ್ಕಿ ಹಚ್ಚೀದಿ," ಎಂದಳು ಅವ್ವ.

"ಪಾತರಗಿತ್ತಿ ಮಕ್ಕಳು ಮಲ್ಲಿಗಿ ತಿನ್ನೂದಿಲ್ಲ ಬೇ," ಎಂದೆ.

ದಸರೆಯ ಸೂಟಿಯ ಹೊತ್ತಿಗೆ ಗಿಡ ಮೊಣಕಾಲೆತ್ತರ ಬೆಳೆದಿತ್ತು. ಅದರ ಮೇಲೆ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳಗಳು. ಹೊಲದಿಂದ ಬಂದ ಅಪ್ಪ ನೋಡಿದವನೇ ಗಿಡದ ಬುಡಕ್ಕೆ ಕೈ ಹಾಕಿದ.

"ಹೊಲದಾಗ ಹುಳಾ ಕೊಂದ ಕೊಂದ ಸಾಕಾಗೇತಿ. ನೀ ಮನಿ ಮುಂದ ಸಾಕಾಕತ್ತೀಯೇನ?"

"ಇವು ಹತ್ತಿ ತಿನ್ನೂದಿಲ್ಲ."

"ಯಾರ ಹೇಳ್ಯಾರ?"

ಯಾರೂ ಹೇಳಿರಲಿಲ್ಲ. ಆದರೂ ಗಿಡಕ್ಕೆ ಅಡ್ಡ ನಿಂತೆ. "ಒಂದ ಹುಳಕ್ಕ ಹತ್ತಿ ಎಲಿ ಹಾಕಿ ನೋಡೂಣು. ತಿಂತಂದ್ರ ನಾನ ಇದನ್ನ ಕಿತ್ತ ಒಗೀತೀನಿ." ಅಪ್ಪ ಕೈ ಬಿಟ್ಟ.

ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ತಾನಾಗಿ ಹುಟ್ಟಿದ್ದ, ಎಣ್ಣೆ ತಾಗದ ಹತ್ತಿ ಗಿಡದ ಎಲೆ ತಂದು ಪರಾತದಲ್ಲಿಟ್ಟೆ. ಅದರ ಮೇಲೆ ಹುಳ ಬಿಟ್ಟು, ಹಿಟ್ಟು ಸೋಸುವ ಸಾಣಿಗೆ ಮುಚ್ಚಿದೆ. ಅವ್ವ ಗೊಣಗಿದಳು. ಗೆಳತಿಯರು ಕುಂಟಾಟಕ್ಕೆ ಕರೆದರೂ ಏಳಲಿಲ್ಲ. ಶೇಂಗಾ ಹಿಂಡಿ ಸವರಿದ ರೊಟ್ಟಿ ಹಾಗೇ ಒಣಗಿತು. ಹುಳ ಎಲೆ ಹತ್ತಿತು, ತಲೆ ಎತ್ತಿ ಆಚೀಚೆ ಆಡಿಸಿತು, ಇಳಿಯಿತು. ಪರಾತದ ಅಂಚಿಗೆ ಸುತ್ತು ಹಾಕುತ್ತಲೇ ಇತ್ತು. ಅದಕ್ಕೆ ಹಸಿವಾಗಿದೆ ಎಂದು ಗೊತ್ತಾಯಿತು. ಎಕ್ಕೆ ಎಲೆ ಕೊಟ್ಟುಬಿಟ್ಟರೆ ಅಪ್ಪ ನಂಬುವುದಿಲ್ಲ. ತುಟಿ ಕಚ್ಚಿ ಕೂತೆ.

ಸಂಜೆ ಅಪ್ಪ ಬಂದು ಸಾಣಿಗೆ ಎತ್ತಿದ. ಹತ್ತಿ ಎಲೆ ಬಾಡಿತ್ತು, ಆದರೆ ಒಂದು ಅಂಚೂ ಹರಿದಿರಲಿಲ್ಲ. ಅವನು ಎಕ್ಕೆ ಎಲೆ ಕೀಳಲು ಹೋದ.

"ಯಪ್ಪಾ, ಎಣ್ಣಿ ಕೈ ಅದು. ತೊಳಕೊಂಡ ಬಾ."

ನಮ್ಮ ಮನೆಯಲ್ಲಿ ಅಪ್ಪನಿಗೆ ಹಾಗೆ ಹೇಳಿದವರೇ ಇರಲಿಲ್ಲ. ಅವ್ವ ಬಾಗಿಲಲ್ಲೇ ನಿಂತಳು. ಅಪ್ಪ ತನ್ನ ಎರಡೂ ಕೈ ನೋಡಿಕೊಂಡ. ಹೋಗಿ ಮೊಣಕೈವರೆಗೆ ಸಾಬೂನು ಹಚ್ಚಿ ತೊಳೆದು ಬಂದು, ತಾನೇ ಎಲೆ ಇಟ್ಟ. ಹುಳ ಅಂಚಿನಿಂದ ತಿನ್ನತೊಡಗಿತು. ಅರ್ಧ ಎಲೆ ಮುಗಿಯುವವರೆಗೂ ಅಪ್ಪ ಕುಕ್ಕರಗಾಲಲ್ಲಿ ಕೂತು ನೋಡಿದ.

"ಹಸದಿತ್ತು ಪಾಪ," ಎಂದ.

ಈಗ ಅಪ್ಪ ಇಲ್ಲ. ಬದುಗಳಿಗೂ ಕಳೆನಾಶಕ ಹೊಡೆದು ಎಕ್ಕೆ ಕಾಣದಂತಾಗಿದೆ. ನವಲಗುಂದದ ನನ್ನ ಮನೆಗೆ ಗಿಡ ಕೊಳ್ಳಲು ಹೋದರೆ ನರ್ಸರಿಯವರು, "ಇದಕ್ಕ ಹುಳಾ ಹತ್ತೂದಿಲ್ರಿ," ಎಂದು ಹೊಗಳುತ್ತಾರೆ. ಅದನ್ನು ಅಲ್ಲೇ ಇಟ್ಟು ಬರುತ್ತೇನೆ. ಬೀಜದಿಂದ ಬೆಳೆಸಿದ ನನ್ನ ಎಕ್ಕೆ ಎದೆಯೆತ್ತರ ಬಂದಿದೆ. ದಿನಾ ಬೆಳಿಗ್ಗೆ ಕೈ ತೊಳೆದುಕೊಂಡು ಎಲೆ ಎಲೆ ತಿರುವಿ ತತ್ತಿ ಹುಡುಕುತ್ತೇನೆ. ಎಲ್ಲವೂ ಇಡಿಯಾಗಿವೆ, ಒಂದು ತೂತೂ ಇಲ್ಲ. ಈ ಮಳೆಗೆ ಅದರ ಪಕ್ಕದಲ್ಲಿ ಇನ್ನೊಂದು ಎಕ್ಕೆ ನೆಟ್ಟೆ.